ಶಿಟ್ಜು ಸಾಕುವವರಿಗೆ: ಎಲ್ಲವೂ ಆ ಮೋಟು ಮೂತಿಯಿಂದಲೇ ಶುರು

ಮುಧೋಳ ನಾಯಿಯನ್ನು ಪಕ್ಕದಿಂದ ನೋಡಿದರೆ ಕಣ್ಣಿನಿಂದ ಮೂಗಿನ ತುದಿಯವರೆಗೆ ಅರ್ಧ ಗೇಣಿನಷ್ಟು ಉದ್ದದ ಮೂತಿ ಕಾಣುತ್ತದೆ. ಶಿಟ್ಜು ತಳಿಯಲ್ಲಿ ಅದೇ ಅಳತೆ ಒಂದು ಅಂಗುಲ ಮೀರದಿದ್ದರೆ ಚೆಂದ ಎನ್ನುತ್ತದೆ ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ ಮಾನದಂಡ. ಜನ ನೂರಾರು ವರ್ಷ ಚಪ್ಪಟೆ ಮುಖದವನ್ನೇ ಆರಿಸಿ ಕೂಡಿಸುತ್ತ ಬಂದದ್ದರಿಂದ ಮೂಳೆ ಮೋಟಾಯಿತು. ಆದರೆ ಆ ಮೂಳೆಯ ಒಳಗೆ, ಮೇಲೆ ಇರುವ ಮಾಂಸ ಅಷ್ಟೇ ಮಟ್ಟಿಗೆ ಕುಗ್ಗಲಿಲ್ಲ. ನಾಲಿಗೆ, ಅಂಗುಳು, ಮೂಗಿನ ಒಳಪದರ, ಚರ್ಮ, 42 ಹಲ್ಲು, ಎರಡು ದೊಡ್ಡ ಕಣ್ಣು ಎಲ್ಲವೂ ಚಿಕ್ಕ ಡಬ್ಬಿಯಲ್ಲಿ ತುರುಕಿದ ಹಾಗೆ ಕೂತಿವೆ. ಈ ನಾಯಿಗೆ ಸೆಕೆ ತಡೆಯದಿರುವುದು, ಕಣ್ಣಿಗೆ ಬೇಗ ಗಾಯವಾಗುವುದು, ಹಲ್ಲು ಬೇಗ ಅಲ್ಲಾಡುವುದು, ರಾತ್ರಿ ಗೊರಕೆ ಹೊಡೆಯುವುದು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಬೇರು ಒಂದೇ. ಅದು ತಿಳಿದರೆ ಆರೈಕೆಯ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತದೆ.

ತಳಿಯ ಮೂಲ ಟಿಬೆಟ್ ಮತ್ತು ಚೀನಾ. ಚೀನಿ ಭಾಷೆಯಲ್ಲಿ ಹೆಸರಿನ ಅರ್ಥ ಸಿಂಹ. ಕುರಿ ಕಾಯಲು, ಬೇಟೆಯಾಡಲು, ಮನೆ ಕಾವಲಿಗೆ ಬೆಳೆಸಿದ ನಾಯಿ ಇದಲ್ಲ. ಅರಮನೆಯೊಳಗೆ ಮನುಷ್ಯರ ಮಗ್ಗುಲಲ್ಲಿ ಇರಲೆಂದೇ ಬೆಳೆಸಿದ್ದು. ಬ್ರಿಟನ್ನಿಗೆ ಮೊದಲು ಬಂದದ್ದು 1930ರಲ್ಲಿ, ಅಮೆರಿಕದಲ್ಲಿ ತಳಿಯಾಗಿ ನೋಂದಣಿಯಾದದ್ದು 1969ರಲ್ಲಿ. ಚೀನಾದಲ್ಲಿ ಕಮ್ಯುನಿಸ್ಟ್ ಕ್ರಾಂತಿಯ ಹೊತ್ತಿಗೆ ತಳಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಇಂದಿನ ಶಿಟ್ಜುಗಳೆಲ್ಲ ಹೊರಗೆ ಉಳಿದಿದ್ದ 14 ನಾಯಿಗಳ ಸಂತತಿ ಎಂದು ತಳಿಯ ಇತಿಹಾಸ ಬರೆದವರು ಹೇಳುತ್ತಾರೆ. ಹುಟ್ಟಿನಿಂದಲೇ ಮೂತ್ರಪಿಂಡ ಸರಿಯಾಗಿ ಬೆಳೆಯದಿರುವುದು, ಮಂಡಿಚಿಪ್ಪು ಜಾರುವುದು ಮುಂತಾದ ದೋಷಗಳು ಈ ತಳಿಯಲ್ಲಿ ಮರುಕಳಿಸಲು ಇಂಥ ಹತ್ತಿರದ ರಕ್ತಸಂಬಂಧವೂ ಒಂದು ಕಾರಣ.

ಬೆಳೆದ ಶಿಟ್ಜು 4ರಿಂದ 7 ಕೆ.ಜಿ. ತೂಗುತ್ತದೆ, ಭುಜದವರೆಗಿನ ಎತ್ತರ 9ರಿಂದ ಹತ್ತೂವರೆ ಅಂಗುಲ. ಚೆನ್ನಾಗಿ ನೋಡಿಕೊಂಡರೆ 12-15 ವರ್ಷ ಬದುಕುತ್ತದೆ. ಹೆಚ್ಚು ಬೊಗಳುವುದಿಲ್ಲ, ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ, ಎರಡು ಕೋಣೆಯ ಫ್ಲಾಟಿನಲ್ಲೂ ಸುಖವಾಗಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಇಷ್ಟೊಂದು ಕಾಣುವುದು ಅದಕ್ಕೇ.

ಸೆಕೆ ಏಕೆ ತಡೆಯುವುದಿಲ್ಲ

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಅದು ಮೈ ತಣ್ಣಗೆ ಮಾಡಿಕೊಳ್ಳುವುದು ಉಸಿರಿನಿಂದ. ಮೂಗಿನೊಳಗೆ ಸುರುಳಿ ಸುರುಳಿಯಾಗಿ ಮಡಿಚಿಕೊಂಡ ತೇವದ ಪದರಗಳಿವೆ. ಗಾಳಿ ಅವುಗಳ ಮೇಲೆ ಹಾದಾಗ ತೇವ ಆವಿಯಾಗುತ್ತದೆ, ಅಲ್ಲಿ ಹರಿಯುವ ರಕ್ತ ತಣ್ಣಗಾಗುತ್ತದೆ. ಉದ್ದ ಮೂತಿಯಲ್ಲಿ ಈ ಪದರಕ್ಕೆ ಧಾರಾಳ ಜಾಗ. ಶಿಟ್ಜುವಿನಲ್ಲಿ ಜಾಗ ಕಡಿಮೆ, ಜೊತೆಗೆ ಹೊಳ್ಳೆ ಕಿರಿದು, ಹಿಂದಿನ ಮೆತ್ತನೆಯ ಅಂಗುಳು ಉದ್ದವಾಗಿ ಶ್ವಾಸನಾಳದ ಬಾಯಿಗೆ ಜೋತುಬೀಳುತ್ತದೆ. ಸೆಕೆಯಾದಾಗ ನಾಯಿ ಜೋರಾಗಿ ತೇಕುತ್ತದೆ, ತೇಕಿದಷ್ಟೂ ಸ್ನಾಯು ದುಡಿದು ಮೈ ಇನ್ನಷ್ಟು ಬಿಸಿಯಾಗುತ್ತದೆ, ಗಂಟಲು ಊದಿಕೊಳ್ಳುತ್ತದೆ, ಗಾಳಿಯ ದಾರಿ ಇನ್ನೂ ಕಿರಿದಾಗುತ್ತದೆ. ಈ ಸುಳಿಗೆ ಒಮ್ಮೆ ಸಿಕ್ಕಿದ ನಾಯಿ ತಾನಾಗಿ ಹೊರಬರುವುದು ಕಷ್ಟ.

ಆವಿಯಾದರೆ ಮಾತ್ರ ತಂಪು. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಯಾಗುವುದಿಲ್ಲ. ಹಾಗಾಗಿ ಥರ್ಮಾಮೀಟರಿನ ಅಂಕಿ ಒಂದನ್ನೇ ನಂಬಬೇಡಿ. ಮಂಗಳೂರು, ಉಡುಪಿ, ಕಾರವಾರದ 32 ಡಿಗ್ರಿಯ ಜಿಗುಟು ಸೆಕೆಗೂ ರಾಯಚೂರು, ಕಲಬುರಗಿಯ 40 ಡಿಗ್ರಿಯ ಒಣ ಬಿಸಿಲಿಗೂ ಒಂದೇ ಮಟ್ಟದ ಎಚ್ಚರ ಬೇಕು. ಕರಾವಳಿಯಲ್ಲಿ ಏಪ್ರಿಲ್-ಮೇ ತಿಂಗಳು ಫ್ಯಾನ್ ಸಾಲದು. ಹಗಲು ಹೊತ್ತು ತೇವ ತೆಗೆಯುವ ಏಸಿ ಇರುವ ಒಂದು ಕೋಣೆ ಬೇಕಾಗುತ್ತದೆ. ಕರೆಂಟು ಹೋಗುವ ಊರಾದರೆ ಇನ್ವರ್ಟರಿಗೆ ಫ್ಯಾನನ್ನಾದರೂ ಜೋಡಿಸಿರಿ. ನೆಲದ ಮೇಲೆ ಹೊಟ್ಟೆ ಚಾಚಿ ಮಲಗಲು ಜಾಗ ಬಿಡಿ, ಕಡಪ ಕಲ್ಲು ಅಥವಾ ರೆಡ್ ಆಕ್ಸೈಡ್ ನೆಲ ಇದ್ದ ಮನೆಯ ನಾಯಿ ಪುಣ್ಯವಂತ.

ತಿರುಗಾಟ ಬೇಸಿಗೆಯಲ್ಲಿ ಬೆಳಗ್ಗೆ 7ರ ಒಳಗೆ, ಸಂಜೆ 7ರ ಮೇಲೆ. ದಿನಕ್ಕೆ ಎರಡು ಸಲ 15-20 ನಿಮಿಷ ಸಾಕು. ಹೊರಡುವ ಮೊದಲು ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ನಿಮ್ಮ ಕೈ ತಡೆಯದಿದ್ದರೆ ಅದರ ಪಾದವೂ ತಡೆಯುವುದಿಲ್ಲ. ಕುತ್ತಿಗೆಗೆ ಕಾಲರ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಬೇಕು. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬೇಡಿ, ಕಿಟಕಿ ನಾಲ್ಕು ಬೆರಳು ಇಳಿಸಿದ್ದರೂ ಸಹ.

ನಾಯಿಯ ಸಹಜ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ, 106ರ ಹತ್ತಿರ ಬಂದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ನಿಲ್ಲದ ತೇಕು, ಗೊರಗೊರ ಸದ್ದು, ದಪ್ಪ ಜೊಲ್ಲು, ಇಟ್ಟಿಗೆಗೆಂಪು ಒಸಡು, ತೂರಾಡುವ ನಡಿಗೆ ಕಂಡರೆ ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಈ ಕ್ರಮ ಉಲ್ಟಾ ಆದಲ್ಲೇ ಅನೇಕ ನಾಯಿಗಳು ದಾರಿಯಲ್ಲಿ ಹೋಗಿಬಿಡುತ್ತವೆ. ನಲ್ಲಿಯ ನೀರನ್ನು ಹೊಟ್ಟೆ, ಕಂಕುಳು, ತೊಡೆಸಂದು, ಪಾದಕ್ಕೆ ಚರ್ಮ ಮುಟ್ಟುವಂತೆ ಸುರಿಯಿರಿ. ಈ ತಳಿಯಲ್ಲಿ ಕೂದಲು ದಟ್ಟವಾಗಿರುವುದರಿಂದ ಮೇಲೆ ಸುರಿದ ನೀರು ಒಳಗೆ ಇಳಿಯುವುದಿಲ್ಲ, ಬೆರಳಿನಿಂದ ಕೂದಲು ಬಿಡಿಸಿ ಇಳಿಸಬೇಕು. ಜೊತೆಗೆ ಫ್ಯಾನ್ ಹಾಕಿ. ಒದ್ದೆ ಟವೆಲ್ ಸುತ್ತಿ ಹಾಗೇ ಬಿಟ್ಟರೆ ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ನೀರು ಹುಯ್ಯಬೇಡಿ, ಉಸಿರಿಗೆ ಹೋಗುತ್ತದೆ. ಗುದದ್ವಾರದ ಥರ್ಮಾಮೀಟರ್ 103 ತೋರಿಸಿದ ಕೂಡಲೇ ನೀರು ನಿಲ್ಲಿಸಿ, ಇಲ್ಲದಿದ್ದರೆ ಶಾಖ ಸಹಜಕ್ಕಿಂತ ಕೆಳಗಿಳಿಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಮೂತ್ರಪಿಂಡದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ.

ಗೊರಕೆಯ ಬಗ್ಗೆ ಒಂದು ಮಾತು. "ಈ ತಳಿ ಹಾಗೇ" ಎಂದು ಎಲ್ಲ ಸದ್ದನ್ನೂ ತಳ್ಳಿಹಾಕುವುದು ತಪ್ಪು. ನಿದ್ದೆಯಲ್ಲಿ ಮೆಲ್ಲನೆ ಗೊರಕೆ ಬಂದರೆ ಚಿಂತೆಯಿಲ್ಲ. ಕೂತೇ ತೂಕಡಿಸುವುದು, ಗದ್ದವನ್ನು ದಿಂಬಿಗೋ ಮಂಚದ ಅಂಚಿಗೋ ಆನಿಸಿಯೇ ಮಲಗುವುದು, ಉಸಿರುಕಟ್ಟಿ ಎಚ್ಚರವಾಗುವುದು, ಸ್ವಲ್ಪ ಆಡಿದರೆ ಬಿಳಿ ನೊರೆ ಕಕ್ಕುವುದು ಇದ್ದರೆ ಗಾಳಿಯ ದಾರಿಯಲ್ಲಿ ತಡೆ ಇದೆ ಎಂದೇ ಅರ್ಥ. ಹೊಳ್ಳೆ ಅಗಲಿಸುವ, ಅಂಗುಳು ಮೋಟುಗೊಳಿಸುವ ಶಸ್ತ್ರಚಿಕಿತ್ಸೆ ಇದೆ. ಚಿಕ್ಕ ವಯಸ್ಸಿನಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯ ಜೊತೆಗೇ ಮಾಡಿಸಿದರೆ ಎರಡು ಸಲ ಅರಿವಳಿಕೆ ಕೊಡುವುದು ತಪ್ಪುತ್ತದೆ. ಇನ್ನು ನಾಯಿ ತಟಕ್ಕನೆ ನಿಂತು, ಕತ್ತು ಚಾಚಿ, ಮೂಗಿನಿಂದ ಗಾಳಿ ಒಳಕ್ಕೆ ಎಳೆಯುತ್ತ ಅರ್ಧ ನಿಮಿಷ ಗೊರ್ರೆನ್ನುವುದುಂಟು. ಅದು ಹಿಮ್ಮುಖ ಸೀನು. ಗಂಟಲನ್ನು ಮೆಲ್ಲಗೆ ಸವರಿದರೆ, ಒಮ್ಮೆ ನುಂಗುವಂತೆ ಮಾಡಿದರೆ ನಿಲ್ಲುತ್ತದೆ. ಅಪರೂಪಕ್ಕೆ ಬಂದರೆ ಔಷಧ ಬೇಡ, ದಿನಾ ಬಂದರೆ ತೋರಿಸಿ.

ನಿದ್ದೆಯಲ್ಲಿರುವಾಗ ಎದೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ. 30ರ ಒಳಗಿರಬೇಕು. ತಂಪು ಕೋಣೆಯಲ್ಲೂ ದಿನದಿನಕ್ಕೆ ಏರುತ್ತಿದ್ದರೆ ಹೃದಯವನ್ನೋ ಶ್ವಾಸಕೋಶವನ್ನೋ ಪರೀಕ್ಷಿಸಬೇಕು.

ಕಣ್ಣು

ಕಣ್ಣುಗುಡ್ಡೆ ಕೂರುವ ಮೂಳೆಯ ಗುಳಿ ಆಳವಿಲ್ಲ. ಕಣ್ಣು ಹೊರಚಾಚಿರುತ್ತದೆ, ರೆಪ್ಪೆ ಕೆಲವು ನಾಯಿಗಳಲ್ಲಿ ನಿದ್ದೆಯಲ್ಲೂ ಪೂರ್ತಿ ಮುಚ್ಚುವುದಿಲ್ಲ. ಮೂಗು ಮೋಟಾದ್ದರಿಂದ ಮುಂದೆ ತಾಗುವುದೆಲ್ಲ ಮೊದಲು ತಾಗುವುದು ಕಣ್ಣಿಗೇ. ಗಿಡದ ಕಡ್ಡಿ, ಬೆಕ್ಕಿನ ಉಗುರು, ಶಾಂಪೂ, ತನ್ನದೇ ಮುಖದ ಕೂದಲು, ಎಲ್ಲವೂ.

ನಾಯಿ ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಮುಂಗಾಲಿನಿಂದ ಉಜ್ಜುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ, ಕಪ್ಪುಗುಡ್ಡೆಯ ಮೇಲೆ ನೀಲಿ ಮಂಜು ಕವಿದಂತಿದ್ದರೆ ಅದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಹುಣ್ಣು ಇರಬಹುದು. ಅದೇ ದಿನ ತೋರಿಸಿ. ವೈದ್ಯರು ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಡುತ್ತಾರೆ. ಗಾಯವಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಎರಡು ನಿಮಿಷದ ಈ ಪರೀಕ್ಷೆ ಆಗುವ ತನಕ ಮನೆಯಲ್ಲಿದ್ದ ಯಾವ ಹನಿ ಔಷಧವನ್ನೂ ಹಾಕಬೇಡಿ. ಮನುಷ್ಯರಿಗೆ ಕೊಟ್ಟ ಅನೇಕ ಕಣ್ಣಿನ ಹನಿಗಳಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಇರುತ್ತದೆ. ಈ ಸ್ಟೀರಾಯ್ಡುಗಳು ಗಾಯ ಮಾಗುವುದನ್ನು ತಡೆಯುತ್ತವೆ, ಹುಣ್ಣು ಆಳಕ್ಕಿಳಿದು ಕಣ್ಣು ತೂತಾಗಬಹುದು. ಉಳಿಸಬಹುದಾಗಿದ್ದ ಕಣ್ಣು ಕಳೆದುಹೋಗುವುದು ಹೆಚ್ಚಾಗಿ ಹೀಗೆ.

ದೊಡ್ಡ ನಾಯಿ ಕಚ್ಚಿ ಎಳೆದಾಗ, ಕಾಲರನ್ನು ಜೋರಾಗಿ ಜಗ್ಗಿದಾಗ, ಕತ್ತಿನ ಮೇಲಿನ ಚರ್ಮ ಹಿಡಿದು ಎತ್ತಿದಾಗ ಕಣ್ಣುಗುಡ್ಡೆ ರೆಪ್ಪೆಯ ಹೊರಗೇ ಬಂದುಬಿಡಬಹುದು. ನೋಡಲು ಭಯವಾಗುತ್ತದೆ. ಒಳಗೆ ತಳ್ಳಲು ಹೋಗಬೇಡಿ. ಸಲೈನಿನಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಮೆಲ್ಲಗೆ ಮುಚ್ಚಿ, ಒಣಗಲು ಬಿಡದೆ, ಪಂಜ ತಾಗದಂತೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಪೈಕಿ ನಿಮಗೆ ಹತ್ತಿರದ್ದು ಯಾವುದು, ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ರಾತ್ರಿ ತೆರೆದಿರುವ ಖಾಸಗಿ ಆಸ್ಪತ್ರೆ ಯಾವುದು ಎಂಬುದನ್ನು ನಾಯಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ನಡುವಯಸ್ಸು ದಾಟಿದ ಶಿಟ್ಜುವಿನ ಕಣ್ಣಲ್ಲಿ ಹಳದಿ-ಹಸಿರು ಅಂಟು ಗೀಜು ಪದೇಪದೇ ಕಟ್ಟುತ್ತಿದ್ದರೆ ಅದನ್ನು ಸೋಂಕು ಎಂದುಕೊಂಡು ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಹನಿ ಹಾಕುವುದುಂಟು. ಎಷ್ಟೋ ಸಲ ನಿಜವಾದ ಕಾರಣ ಕಣ್ಣೀರು ಬತ್ತಿರುವುದು. ವೈದ್ಯರು ರೆಪ್ಪೆಯ ಅಂಚಿಗೆ ಅಳತೆಯ ಗುರುತಿರುವ ಕಾಗದದ ಪಟ್ಟಿ ಸಿಕ್ಕಿಸಿ ಒಂದು ನಿಮಿಷ ನೋಡಿದರೆ 15 ಮಿ.ಮೀ. ಅಥವಾ ಹೆಚ್ಚು ಒದ್ದೆಯಾಗಬೇಕು. 10ಕ್ಕಿಂತ ಕಡಿಮೆ ಇದ್ದರೆ ಒಣಗಣ್ಣು. ಸೈಕ್ಲೋಸ್ಪೋರಿನ್ ಮುಲಾಮನ್ನು ಹೆಚ್ಚಿನ ನಾಯಿಗಳಿಗೆ ಬದುಕಿಡೀ ಹಾಕಬೇಕಾಗುತ್ತದೆ. ನಿಲ್ಲಿಸಿದರೆ ಕಣ್ಣೀರು ಮತ್ತೆ ಬತ್ತುತ್ತದೆ.

ದಿನನಿತ್ಯದ ಕೆಲಸ ಸಣ್ಣದು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಒಣಗಿದ ಗೀಜಿನ ಮೇಲೆ ಹತ್ತು ಸೆಕೆಂಡ್ ಇಟ್ಟು ಮೆತ್ತಗಾದ ಮೇಲೆ ಮೂಗಿನ ಕಡೆಗೆ ಕೆಳಮುಖವಾಗಿ ಒರೆಸಿ. ಎರಡು ಕಣ್ಣಿಗೆ ಎರಡು ಹತ್ತಿ. ಆಮೇಲೆ ಒಣ ಬಟ್ಟೆಯಿಂದ ಮೂಗಿನ ಮೇಲಿನ ಮಡಿಕೆ ಒರೆಸಲೇಬೇಕು, ಅಲ್ಲಿ ತೇವ ನಿಂತರೆ ಯೀಸ್ಟ್ ಬೆಳೆದು ಹುಳಿ ವಾಸನೆ ಹೊಡೆಯುತ್ತದೆ. ಬಿಳಿ ನಾಯಿಯ ಕಣ್ಣಿನ ಕೆಳಗಿನ ಕಂದುಗೆಂಪು ಗೆರೆ ಕೊಳೆಯಲ್ಲ, ಕಣ್ಣೀರಿನಲ್ಲಿರುವ ಪೋರ್ಫಿರಿನ್ ಎಂಬ ವಸ್ತು ಬೆಳಕಿಗೆ ಬಣ್ಣ ತಾಳುವುದು. ಎರಡು ಕಣ್ಣುಗಳ ನಡುವಿನ ಕೂದಲನ್ನು ಒಂದೋ ಗಿಡ್ಡ ಇಡಿ, ಇಲ್ಲವೇ ಜುಟ್ಟು ಕಟ್ಟುವಷ್ಟು ಬೆಳೆಸಿ. ಅರ್ಧಂಬರ್ಧ ಬೆಳೆದ ಕೂದಲು ನೇರ ಗುಡ್ಡೆಗೆ ಚುಚ್ಚುತ್ತದೆ.

ಕೂದಲು

ಶಿಟ್ಜುವಿನ ಕೂದಲು ಹೆಚ್ಚು ಉದುರುವುದಿಲ್ಲ ಎಂಬುದು ನಿಜ. ಆದರೆ ಸತ್ತ ಕೂದಲು ಸೋಫಾದ ಮೇಲೆ ಬೀಳದೆ ಜೀವಂತ ಕೂದಲಿನ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಗಂಟಾಗುತ್ತದೆ. ಕಸ ಗುಡಿಸುವ ಕೆಲಸ ಉಳಿಯಿತು, ಬಾಚುವ ಕೆಲಸ ಬಂತು ಎಂದು ತಿಳಿಯಿರಿ. ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ 10-12 ತಿಂಗಳ ವಯಸ್ಸಿನಲ್ಲಿ ಗಂಟುಗಳು ಒಂದೇ ರಾತ್ರಿಯಲ್ಲಿ ಎದ್ದಂತೆ ಕಾಣುತ್ತವೆ. ಕೆಲವು ವಾರ ಹೀಗೇ, ಆಮೇಲೆ ತಹಬಂದಿಗೆ ಬರುತ್ತದೆ.

ಮೇಲೆ ಮೇಲೆ ಬಾಚುವುದೇ ಎಲ್ಲರೂ ಮಾಡುವ ತಪ್ಪು. ನೋಡಲು ರೇಷ್ಮೆಯಂತಿರುತ್ತದೆ, ಬೆರಳು ತೂರಿಸಿದರೆ ಬುಡದಲ್ಲಿ ಕಂಬಳಿಯಂಥ ಪದರ ಸಿಗುತ್ತದೆ. ಸರಿಯಾಗಿ ಬಾಚಲು ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ಒಂದು ಪಾಲು ಕಂಡಿಷನರಿಗೆ ಹತ್ತು ಪಾಲು ನೀರು ಬೆರೆಸಿ ತೆಳ್ಳಗೆ ಸಿಂಪಡಿಸಿ, ಒಣ ಕೂದಲು ಬಾಚಿದರೆ ತುಂಡಾಗುತ್ತದೆ. ಹೊಟ್ಟೆಯ ಕಡೆಯಿಂದ ಶುರು ಮಾಡಿ ಎಡಗೈಯಿಂದ ಮೇಲಿನ ಕೂದಲನ್ನು ಎತ್ತಿ ಹಿಡಿದು, ಒಂದು ಬೆರಳಗಲದ ಸಾಲು ಮಾತ್ರ ಕೆಳಗೆ ಬಿಡಿ, ಚರ್ಮ ಕಾಣಬೇಕು. ಆ ಸಾಲನ್ನು ಪಿನ್ ಬ್ರಷ್‌ನಿಂದ, ಆಮೇಲೆ ಸ್ಟೀಲ್ ಬಾಚಣಿಗೆಯಿಂದ ಬಾಚಿ. ಬಾಚಣಿಗೆ ಬುಡದಿಂದ ತುದಿಯವರೆಗೆ ಎಲ್ಲೂ ನಿಲ್ಲದೆ ಬಂದರೆ ಮುಂದಿನ ಸಾಲು ಬಿಡಿ. ಹೀಗೆ ಬೆನ್ನಿನ ಬೈತಲೆಯವರೆಗೆ. ಉದ್ದ ಕೂದಲಿದ್ದರೆ ದಿನಾ 20 ನಿಮಿಷ, ಗಿಡ್ಡ ಕತ್ತರಿಸಿದ್ದರೆ ವಾರಕ್ಕೆ ಮೂರು ಸಲ.

ಗಂಟು ಕೂರುವ ಜಾಗಗಳು ಯಾವಾಗಲೂ ಅವೇ: ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಹಾರ್ನೆಸ್ ಉಜ್ಜುವ ಕಡೆ. ಸಿಕ್ಕಿದ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ಚರ್ಮ ಎಳೆಯದಂತೆ, ಚಿಟಿಕೆ ಕಾರ್ನ್‌ಫ್ಲೋರ್ ತಿಕ್ಕಿ, ತುದಿಯಿಂದ ಸ್ವಲ್ಪಸ್ವಲ್ಪವೇ ಬಿಡಿಸಿ. ಬಿಡದಿದ್ದರೆ ಕತ್ತರಿ ತೂರಿಸಬೇಡಿ. ಗಂಟಿನೊಳಗೆ ಚರ್ಮವೂ ಎದ್ದು ಬಂದಿರುತ್ತದೆ, ಮನೆಯಲ್ಲಾಗುವ ಕತ್ತರಿ ಗಾಯಗಳು ಬಹುಪಾಲು ಇಲ್ಲೇ. ಟ್ರಿಮ್ಮರ್ ಇದ್ದವರಿಂದ ತೆಗೆಸಿ.

ಸ್ನಾನ ಎರಡು-ಮೂರು ವಾರಕ್ಕೊಮ್ಮೆ. ಸ್ನಾನಕ್ಕೆ ಮುಂಚೆ ಬಾಚಲೇಬೇಕು, ಗಂಟಿಗೆ ನೀರು ತಾಗಿದರೆ ಉಣ್ಣೆ ಬಟ್ಟೆ ಕುಗ್ಗಿದಂತೆ ಬಿಗಿಯುತ್ತದೆ. ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ, ನಮ್ಮ ಶಾಂಪೂ ಅದಕ್ಕೆ ಒಗ್ಗುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಆಮೇಲೆ ಬುಡದವರೆಗೆ ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಅಸಡ್ಡೆ ಮಾಡಿದರೆ ವಾರದೊಳಗೆ ಚರ್ಮದಲ್ಲಿ ಫಂಗಸ್ ಕಾಣುತ್ತದೆ. ಡ್ರೈಯರ್ ತಣ್ಣನೆಯ ಗಾಳಿಯಲ್ಲಿರಲಿ. ಚಪ್ಪಟೆ ಮೂಗಿನ ನಾಯಿಯನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಕೂರಿಸಿ ಒಣಗಿಸುವ ಸಲೂನು ಇದ್ದರೆ ಅಲ್ಲಿಗೆ ಕಳಿಸಬೇಡಿ. ಬೇಸಿಗೆಗೆಂದು ಬೋಳಿಸುವುದೂ ಬೇಡ, ಒಂದೆರಡು ಸೆಂ.ಮೀ. ಉಳಿಸಿದರೆ ಬಿಸಿಲಿನಿಂದ ಚರ್ಮಕ್ಕೆ ರಕ್ಷಣೆ. ಆರು ವಾರಕ್ಕೊಮ್ಮೆ ಮೈಯೆಲ್ಲ ಗಿಡ್ಡವಾಗಿ ಕತ್ತರಿಸಿಕೊಳ್ಳುವ ಮರಿಕಟಿಂಗ್ ನಮ್ಮ ಹವೆಗೆ ಎಲ್ಲಕ್ಕಿಂತ ಒಳ್ಳೆಯದು. ನೆಲ ಗುಡಿಸುವ ಉದ್ದ ಕೂದಲು ಪ್ರದರ್ಶನಕ್ಕೆ ಚೆಂದ, ಕೆಲಸಕ್ಕೆ ಹೋಗುವವರ ಮನೆಗಲ್ಲ.

ಕಿವಿ ಜೋಲುವುದರಿಂದ ಒಳಗೆ ಗಾಳಿಯಾಡುವುದಿಲ್ಲ. ವಾರಕ್ಕೊಮ್ಮೆ ಎತ್ತಿ ಮೂಸಿ ನೋಡಿ. ಕಂದು ಮೇಣ ಮತ್ತು ಮುಗ್ಗಲು ವಾಸನೆ ಇದ್ದರೆ ಸೋಂಕು. ಕಡ್ಡಿಹತ್ತಿ ಹಾಕಿ ತಿರುವಿದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ.

ಹಲ್ಲು ಮತ್ತು ಊಟ

ಚಿಕ್ಕ ದವಡೆಯಲ್ಲಿ 42 ಹಲ್ಲು ಸಾಲಾಗಿ ನಿಲ್ಲಲಾರದೆ ಅಡ್ಡ ತಿರುಗಿ ಒಂದಕ್ಕೊಂದು ಒತ್ತಿರುತ್ತವೆ. ಸಂದಿಯಲ್ಲಿ ಸಿಕ್ಕ ಅನ್ನ ಎರಡು ದಿನದಲ್ಲಿ ಗಟ್ಟಿ ಪಾಚಿಯಾಗುತ್ತದೆ. ದಿನಾ ನಾಯಿಯ ಪೇಸ್ಟನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಹೊರಮೈ ಮಾತ್ರ ಉಜ್ಜಿದರೆ ಸಾಕು. ನಮ್ಮ ಪೇಸ್ಟ್ ಬೇಡ, ಫ್ಲೋರೈಡ್ ಮತ್ತು ಕೆಲವದರಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ನುಂಗಿದರೆ ವಿಷ. ಏಳು ತಿಂಗಳಾದರೂ ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕ ಜೋಡಿಯಾಗಿ ನಿಂತಿದ್ದರೆ ಕೀಳಿಸಬೇಕು.

ಎಷ್ಟು ಹಾಕಬೇಕು ಎಂಬುದಕ್ಕೆ ಪಶುವೈದ್ಯರು ಬಳಸುವ ಲೆಕ್ಕವಿದೆ. ನಾಯಿಯ ತೂಕದ ಕೆ.ಜಿ. ಅಂಕಿಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 70ರಿಂದ ಗುಣಿಸಿ. 5 ಕೆ.ಜಿ. ನಾಯಿಗೆ 5×5×5 ಅಂದರೆ 125, ವರ್ಗಮೂಲ 11.18, ಮತ್ತೊಮ್ಮೆ 3.34, 70ರಿಂದ ಗುಣಿಸಿದರೆ 234 ಕ್ಯಾಲೊರಿ. ಸುಮ್ಮನೆ ಮಲಗಿದ್ದರೆ ಬೇಕಾದಷ್ಟು ಅದು. ಮನೆಯೊಳಗಿನ ಬೆಳೆದ ನಾಯಿಗೆ ಇದರ 1.4ರಿಂದ 1.6 ಪಟ್ಟು, ಅಂದರೆ ದಿನಕ್ಕೆ 330-375. ಪೊಟ್ಟಣದ ಮೇಲೆ 100 ಗ್ರಾಮಿಗೆ 380 ಕ್ಯಾಲೊರಿ ಎಂದಿದ್ದರೆ 87ರಿಂದ 99 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎರಡು ಹೊತ್ತಿಗೆ ಹಂಚಿ. ಒಂದು ಮಾರಿ ಬಿಸ್ಕತ್ತಿನಲ್ಲಿ ಹತ್ತಿರ ಹತ್ತಿರ 25 ಕ್ಯಾಲೊರಿ. ಅಜ್ಜಿ ಎರಡು, ಮಕ್ಕಳು ಎರಡು ಹಾಕಿದರೆ ದಿನದ ಊಟದ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಆಯಿತು. ಈ ತಳಿಗೆ ಬೊಜ್ಜು ಬರುವುದು ಹೀಗೆ, ಬೊಜ್ಜು ಗಂಟಲಿನ ಸುತ್ತಲೂ ಕೂತು ಮೊದಲೇ ಕಿರಿದಾದ ದಾರಿಯನ್ನು ಇನ್ನೂ ಒತ್ತುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಸವರಿದರೆ ಬೆರಳಿಗೆ ಸಿಗಬೇಕು.

ಮೊಸರನ್ನ ಒಂದರ ಮೇಲೆಯೇ ನಾಯಿ ಬೆಳೆಸಬೇಡಿ. ಪ್ರೋಟೀನ್ ಸಾಲದು. ಮನೆಯ ಊಟವೇ ಹಾಕುವವರು ಕೋಳಿ, ಮೊಟ್ಟೆ ಅಥವಾ ಮೀನಿನ ಪ್ರಮಾಣ, ಕ್ಯಾಲ್ಸಿಯಂ ಎಷ್ಟು ಸೇರಿಸಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಹಬ್ಬದ ದಿನ ಕೇಸರಿಬಾತು, ಪಾಯಸ ನೆಕ್ಕಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ, ಬೆಂದದ್ದೂ ಅಷ್ಟೇ, ಆದ್ದರಿಂದ ಸಾರು ಕಲಸಿದ ಅನ್ನವೂ ಬೇಡ. ಚಾಕೊಲೇಟ್, ಬೆಂದ ಎಲುಬು, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳೂ ಬೇಡ. ಮೂರು ತಿಂಗಳ ಒಳಗಿನ ಮರಿಗೆ ದಿನಕ್ಕೆ ನಾಲ್ಕು ಸಲ ಉಣಿಸಿ. ಇಷ್ಟು ಚಿಕ್ಕ ಮರಿ ಒಂದು ಹೊತ್ತು ಉಪವಾಸ ಬಿದ್ದರೆ ರಕ್ತದ ಸಕ್ಕರೆ ಇಳಿದು ತೂರಾಡುತ್ತದೆ. ಆಗ ಒಸಡಿಗೆ ಜೇನು ಸವರಿ ಆಸ್ಪತ್ರೆಗೆ ಓಡಬೇಕು.

ನೆಲ, ಮಂಡಿ, ಉಣ್ಣೆಹುಳ

ನುಣುಪಾದ ಟೈಲ್ಸ್ ನೆಲದಲ್ಲಿ ಪಾದದ ಮೆತ್ತೆಗಳ ನಡುವಿನ ಕೂದಲು ಬೆಳೆದ ಶಿಟ್ಜು ಬಟ್ಟೆ ಸುತ್ತಿದ ಕಾಲಿನಲ್ಲಿ ಓಡಿದಂತೆ ಜಾರುತ್ತದೆ. ಓಡುತ್ತ ಓಡುತ್ತ ಒಂದು ಹಿಂಗಾಲನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಕುಂಟಿ, ಮತ್ತೆ ಏನೂ ಆಗದಂತೆ ಓಡಿದರೆ ಮಂಡಿಚಿಪ್ಪು ಜಾರಿ ಮರಳಿ ಕೂತಿದೆ. ಆ ಕೂದಲನ್ನು ಎರಡು ವಾರಕ್ಕೊಮ್ಮೆ ಗಿಡ್ಡ ಮಾಡಿ, ಓಡಾಡುವ ದಾರಿಗೆ ಜಮಖಾನೆ ಹಾಸಿ, ಸೋಫಾಕ್ಕೆ ಮೆಟ್ಟಿಲಿನಂತೆ ಗಟ್ಟಿ ದಿಂಬು ಇಡಿ. ಎತ್ತುವಾಗ ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ. ಕಂಕುಳಿನಲ್ಲಿ ಹಿಡಿದು ನೇತಾಡಿಸಿದರೆ ಬೆನ್ನುಮೂಳೆಗೆ ಒತ್ತಡ ಬೀಳುತ್ತದೆ.

ನಮ್ಮ ರಾಜ್ಯದಲ್ಲಿ ನಾಯಿ ಸಾಕುವವರು ವರ್ಷವಿಡೀ ಎಚ್ಚರದಿಂದ ಇರಬೇಕಾದದ್ದು ರಕ್ತ ಹೀರುವ ಉಣ್ಣೆಹುಳದ (ಟಿಕ್) ಬಗ್ಗೆ. ಅದು ಹರಡುವ ಎರ್ಲಿಕಿಯಾ, ಬಬೇಸಿಯಾ ರೋಗಗಳಲ್ಲಿ ಜ್ವರ, ಊಟ ಬಿಡುವುದು, ಬಿಳಚಿದ ಒಸಡು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ ಕಾಣಬಹುದು. ಉದ್ದ ಕೂದಲಿನಲ್ಲಿ ಉಣ್ಣೆ ಕಣ್ಣಿಗೆ ಬೀಳುವುದಿಲ್ಲ. ಬೆರಳ ಸಂದಿ, ಕಿವಿಯ ಒಳಮಡಿಕೆ, ಬಾಲದ ಬುಡ ದಿನಾ ಮುಟ್ಟಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ಸೀಮೆಎಣ್ಣೆ ಹಚ್ಚಬೇಡಿ. ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ನಾಯಿಗೆ ಮಾತ್ರ ಔಷಧ ಹಾಕಿದರೆ ಮುಗಿಯುವುದಿಲ್ಲ. ತಿಂಗಳಿಗೊಮ್ಮೆ ಕೊಡುವ ಅಫೋಕ್ಸೊಲೇನರ್, 12 ವಾರಕ್ಕೊಮ್ಮೆ ಕೊಡುವ ಫ್ಲೂರಲೇನರ್ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಲಸಿಕೆ 6-8 ವಾರಕ್ಕೆ ಶುರುವಾಗಿ ಮೂರು-ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಅಷ್ಟರ ತನಕ ಲಸಿಕೆಯನ್ನು ಕೆಲಸ ಮಾಡಲು ಬಿಡದಿರಬಹುದು, ಕೊನೆಯ ಡೋಸ್ ತಪ್ಪಿಸಿಕೊಂಡ ಮರಿಗಳಿಗೇ ಪಾರ್ವೊ ಎಂಬ ಮಾರಕ ವಾಂತಿ-ಭೇದಿ ರೋಗ ಬರುವುದು ಹೆಚ್ಚು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಮನೆಬಿಟ್ಟು ಹೊರಗೇ ಹೋಗದ ನಾಯಿಗೂ ಬೇಕು.

ಅಮೆರಿಕಕ್ಕೆ ಕೆಲಸದ ಮೇಲೆ ಹೋಗುವವರು ನಾಯಿಯನ್ನು ಕರೆದೊಯ್ಯುವುದಾದರೆ ತಿಂಗಳುಗಳ ಮುಂಚೆ ತಯಾರಿ ಬೇಕು. 2024ರ ಆಗಸ್ಟ್ 1ರಿಂದ ಅಲ್ಲಿಗೆ ಹೋಗುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು, ರೇಬಿಸ್ ವಿಷಯದಲ್ಲಿ ಭಾರತ ಹೆಚ್ಚು ಅಪಾಯದ ದೇಶಗಳ ಪಟ್ಟಿಯಲ್ಲಿದೆ. ಮೇಲಾಗಿ ಅನೇಕ ವಿಮಾನ ಕಂಪನಿಗಳು ಚಪ್ಪಟೆ ಮೂಗಿನ ನಾಯಿಯನ್ನು ಸರಕಿನ ಜಾಗದಲ್ಲಿ ಒಯ್ಯುವುದೇ ಇಲ್ಲ.

ಮರಿ ನೋಡಲು ಹೋದಾಗ

ಇಷ್ಟೆಲ್ಲ ಓದಿಯೂ ಬೇಕೆನಿಸಿದರೆ ಮರಿ ನೋಡಲು ಹೋಗಿ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನೋಂದಣಿ ಪತ್ರ ಕೇಳಿ. "ಇಂಪೀರಿಯಲ್", "ಟೀಕಪ್" ಎಂಬ ಹೆಸರಿನಲ್ಲಿ ಹೆಚ್ಚು ದುಡ್ಡು ಕೇಳಿದರೆ ಎದ್ದು ಬನ್ನಿ. ಅಂಥ ಬೇರೆ ತಳಿ ಇಲ್ಲ, ತೀರ ಬಡಕಲು ಮರಿಗೆ ಇಟ್ಟ ಹೆಸರು ಅಷ್ಟೇ. ತಾಯಿನಾಯಿಯನ್ನು ತೋರಿಸಲು ಒಪ್ಪದವರಿಂದಲೂ ತರಬೇಡಿ. ತಾಯಿ ತೇಕುವ ರೀತಿಯೇ ಮರಿ ನಾಳೆ ತೇಕುವ ರೀತಿ. ದತ್ತು ಕೊಡುವ ಆಶ್ರಯಗಳಲ್ಲಿ ಕೈಬಿಟ್ಟ ದೊಡ್ಡ ಶಿಟ್ಜುಗಳು ಸಿಗುತ್ತವೆ, ಸ್ವಭಾವ ಮೊದಲೇ ಗೊತ್ತಾಗುವುದರಿಂದ ವಯಸ್ಸಾದವರ ಮನೆಗೆ ಅವೇ ಮೇಲು.

ಮರಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಎದುರಿನಿಂದ ಮೂಗು ನೋಡಿ. ಹೊಳ್ಳೆ ದುಂಡಗೆ ತೆರೆದಿದೆಯೋ, ಪೆನ್ಸಿಲ್ ಗೆರೆಯಂತೆ ಮುಚ್ಚಿದೆಯೋ? ಉಸಿರೆಳೆದಾಗ ಹೊಳ್ಳೆಯ ಬದಿ ಒಳಕ್ಕೆ ಕುಸಿಯುತ್ತದೆಯೇ? ಎರಡು ಕಣ್ಣೂ ಒಂದೇ ಥರ ಹೊಳೆಯುತ್ತಿವೆಯೇ? ಹೊಕ್ಕುಳಲ್ಲಿ ಮೆತ್ತನೆಯ ಗುಬುಟು ಇದ್ದರೆ ಅದು ಹರ್ನಿಯಾ. ಚಿಕ್ಕದಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಹೊಲಿಯಬಹುದು, ತರದೆ ಬಿಡಲು ಅದು ಕಾರಣವಲ್ಲ. ಕೊನೆಗೆ ನೆಲಕ್ಕೆ ಬಿಟ್ಟು ಚೆಂಡು ಉರುಳಿಸಿ ಎರಡು ನಿಮಿಷ ಓಡಿಸಿ. ಫ್ಯಾನ್, ಟಿ.ವಿ. ಆರಿಸಲು ಹೇಳಿ, ಮರಿಯನ್ನು ಕಿವಿಯ ಹತ್ತಿರ ಹಿಡಿದು ಉಸಿರು ಆಲಿಸಿ. ಗೊರಗೊರ ಸದ್ದಿಲ್ಲದೆ ನಿಮಿಷದೊಳಗೆ ಉಸಿರು ಹದಕ್ಕೆ ಬಂದರೆ ಆ ಮರಿಯನ್ನು ತನ್ನಿ.